ಪಾತ್ರೆಯ ತಳದ ಕಾಸು

ಅಪಿಸಾಕೊ
ಫೆಬ್ರವರಿ ೩, ೧೯೮೬, ಸೋಮವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ಮೊದಲು ನಿಮ್ಮ ಮೊಣಕಾಲು ಹೇಗಿದೆ ಹೇಳಿ. ಮಾಲ್ತ್ರಾತಾ ಘಟ್ಟದಲ್ಲಿ ರೈಲು ನಿಂತು ನಿಂತು ಇಳಿಯುವಾಗ ಅಷ್ಟು ಹೊತ್ತೂ ಕಾಲು ಮಡಚಿಕೊಂಡೇ ಕೂತಿದ್ದೆ ಅಂತ ಬರೆದಿದ್ದಿರಿ. ಓದುತ್ತಾ ನನ್ನ ಕಾಲೇ ಹಿಡಿದುಕೊಂಡ ಹಾಗಾಯಿತು. ಕೊರ್ದೊಬಾದ ಸೆಕೆಗೆ ನಿಮ್ಮ ರಕ್ತದೊತ್ತಡ ಏನನ್ನುತ್ತಿದೆ? ಉಪ್ಪು ಕಮ್ಮಿ ಮಾಡಿದ್ದೀರೋ, ಇಲ್ಲಾ ಇಲ್ಲಿಯ ಹಾಗೇ ಎಲ್ಲರ ಕಣ್ಣು ತಪ್ಪಿಸಿ ನಿಂಬೆ ಹೋಳಿಗೆ ಉಪ್ಪು ಹಚ್ಚಿ ಚೀಪುತ್ತಿದ್ದೀರೋ? ಅಂಪಾರೊ ಹೇಗಿದ್ದಾಳೆ? ಡಾಕ್ಟರು ಹೇಳಿದ ಹಾಗೆ ಕಾಲು ಎತ್ತರಕ್ಕಿಟ್ಟುಕೊಂಡು ಮಲಗಿರುತ್ತಾಳಾ, ಅಥವಾ ‘ಅಮ್ಮಾ, ಒಂದೇ ನಿಮಿಷ’ ಅಂತ ಎದ್ದು ಪೊರಕೆ ಹಿಡಿಯುತ್ತಾಳಾ? ಹೊಟ್ಟೆಯೊಳಗಿನ ಕೂಸು ಒದೆಯುತ್ತಿದೆ ತಾನೆ? ಈ ಸಲ ಎಲ್ಲ ಸರಿಹೋಗುತ್ತದೆ ಅತ್ತೆ. ಹಿಂದೆ ಎರಡು ಸಲ ಅವಳು ಕಣ್ಣೀರಿಟ್ಟದ್ದು ಸಾಕು. ಆಗ ಅವಳ ಗಂಡ ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿದ್ದ, ಮನೆಯಲ್ಲಿ ಅವಳೊಬ್ಬಳೇ. ಈಗ ನೀವಿದ್ದೀರಿ.

ಇಲ್ಲಿ ನಿಮ್ಮ ಮೊಮ್ಮಗಳು ಇನೆಸ್ ಗುಂಡಗಾಗಿದ್ದಾಳೆ. ಕೆನ್ನೆ ಬನ್ನಿನ ಹಾಗೆ ಉಬ್ಬಿದೆ, ಮುಂಗೈಯಲ್ಲಿ ದಾರ ಕಟ್ಟಿದ ಹಾಗೆ ಮಡಿಕೆ ಬಂದಿದೆ. ನೀವು ಹೊರಟ ದಿನ ನಿಮ್ಮ ಬೆರಳು ಹಿಡಿದು ಬಿಡದೆ ಕಾಡಿದಳಲ್ಲ, ಈಗ ಅದೇ ಹಿಡಿತ ನನ್ನ ಜಡೆಯ ಮೇಲೆ. ನನ್ನ ವಿಷಯ ಬರೆಯುವುದೇ ಬೇಡ ಅಂದುಕೊಂಡಿದ್ದೆ, ಆದರೆ ನಿಮ್ಮಿಂದ ಮುಚ್ಚಿಟ್ಟು ಏನು ಮಾಡಲಿ? ನೀವು ಹೋದಾಗಿನಿಂದ ನಿದ್ದೆ ನನ್ನ ಹತ್ತಿರ ಸುಳಿದಿರಲಿಲ್ಲ. ಮಗು ಅತ್ತರೆ ಎದ್ದು ಕೂರುವುದು ಎಲ್ಲ ತಾಯಂದಿರ ಪಾಡು. ನಾನು ಮಗು ಅಳದಿದ್ದರೆ ಎದ್ದು ಕೂರುತ್ತೇನೆ. ಸದ್ದಿಲ್ಲ ಅಂದರೆ ಸಾಕು, ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಬೇಕು. ಬೆರಳಿಗೆ ನಂಬಿಕೆ ಬರದಿದ್ದರೆ ಕೈಗನ್ನಡಿ ಹಿಡಿದು ಮಂಜು ಕಟ್ಟುತ್ತದಾ ಅಂತ ನೋಡಬೇಕು. ನಿಮ್ಮ ಮಗ ಎಫ್ರಾಯಿನ್‌ಗೆ ಹೇಳಿದರೆ ‘ಮಗು ಅಂದ್ರೆ ಮಲಗುತ್ತೆ ಕಣೇ, ಅದಕ್ಕಿರೋ ಕೆಲಸವೇ ಅದೊಂದು’ ಅನ್ನುತ್ತಾನೆ. ಪಾಪ, ಅವನೇನು ಮಾಡಿಯಾನು? ರೈಲ್ವೆ ವರ್ಕ್‌ಶಾಪಿನಲ್ಲಿ ಇಡೀ ದಿನ ಕಬ್ಬಿಣ ಬಡಿದು ಬಂದವನಿಗೆ ದಿಂಬಿಗೆ ತಲೆ ತಾಗಿದ್ದೇ ಗೊತ್ತು. ಬಾಣಂತನದಲ್ಲಿ ನೀವು ತೊಟ್ಟಿಲಿನ ಆಚೆ ಬದಿಗೆ ಚಾಪೆ ಹಾಸಿಕೊಂಡು ‘ನೀನು ಮಲಗು ಮಗಳೇ, ನಾನು ಕೇಳಿಸ್ಕೊಳ್ತಿರ್ತೀನಿ’ ಅನ್ನುತ್ತಿದ್ದಿರಿ. ನಾನು ಕಣ್ಣು ಮುಚ್ಚಿದರೆ ಬೆಳಗಾಗಿರುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ನನಗೆ ಹಾಗೆ ಹೇಳಿದವರು ನೀವೊಬ್ಬರೇ. ಆ ಮಾತಿಗೆ ಎಷ್ಟು ಬೆಲೆ ಅಂತ ನೀವು ರೈಲು ಹತ್ತಿದ ದಿನವೇ ತಿಳಿಯಿತು.

ಈಗ ಹಬ್ಬದ ಕಥೆ. ಜನವರಿಯಲ್ಲಿ ಮೂರು ರಾಜರ ಹಬ್ಬದ ದಿನ ಬಳೆಯಾಕಾರದ ಬ್ರೆಡ್ಡು ಕತ್ತರಿಸಿದಾಗ ಒಳಗಿನ ಪುಟ್ಟ ಗೊಂಬೆ ನನ್ನ ತುಂಡಿನಲ್ಲೇ ಸಿಗಬೇಕೇ! ‘ಹಸಿ ಬಾಣಂತಿಗೇ ಸಿಕ್ತಲ್ಲೋ! ಗೊಂಬೆ ಸಿಕ್ಕೋರೇ ಉಣಿಸಬೇಕು, ಇನ್ನು ಕಂದೆಲಾರಿಯಾ ಹಬ್ಬಕ್ಕೆ ಊರಿಗೆಲ್ಲ ತಮಾಲೆ ಕಡುಬು ಬಡಿಸೋಳು ಇವಳೇ’ ಅಂತ ಎಫ್ರಾಯಿನ್ ಹೊಟ್ಟೆ ಹಿಡಿದು ನಕ್ಕಿದ್ದು, ನೀವು ಅವನ ತಲೆಗೆ ಮೊಟಕಿ ‘ಗೊಂಬೆ ಅವಳದ್ದು, ಕೆಲಸ ನನ್ನದು. ನಿನಗೇನೋ?’ ಅಂದಿದ್ದು ನೆನಪಿರಬೇಕು. ಆಮೇಲೆ ಅಂಪಾರೊ ಹಾಸಿಗೆ ಹಿಡಿದ ಸುದ್ದಿ ಬಂತು, ನೀವು ಹೊರಟಿರಿ, ಗೊಂಬೆಯೂ ಕೆಲಸವೂ ಎರಡೂ ನನ್ನ ಪಾಲಿಗೇ ಉಳಿದವು.

ಅಷ್ಟೇ ಆಗಿದ್ದರೆ ಮಾರ್ಕೆಟ್ಟಿನಿಂದ ಕೊಂಡು ತಂದು ಕೈತೊಳೆದುಕೊಳ್ಳುತ್ತಿದ್ದೆನೇನೋ. ಆದರೆ ಹೋದ ವಾರ ನಿಮ್ಮ ತಂಗಿ ಚೋಲೆ ಚಿಕ್ಕಮ್ಮ ಬಂದರು. ಅವರು ಬರುವ ಹಾಗೇ ಬಂದರು, ಬಾಗಿಲು ತಟ್ಟದೆ. ನನ್ನ ಮುಖ ನೋಡಿದವರೇ ‘ಏನೇ ಗ್ರಿಸೆಲ್ದಾ, ಕಣ್ಣಿಗೆ ಮಸಿ ಬಳ್ಕೊಂಡಿದ್ದೀಯಾ?’ ಅಂದರು. ತೊಟ್ಟಿಲು ನೋಡಿದರು, ತೊಟ್ಟಿಲ ಪಕ್ಕದ ಕನ್ನಡಿ ನೋಡಿದರು. ಅವರಿಂದ ಏನು ಮುಚ್ಚಿಡಲಾಗುತ್ತದೆ ಹೇಳಿ! ‘ಇದು ಸರಿಯಿಲ್ಲ. ಒಬ್ಬಳೇ ಮಗು ನೋಡಿಕೊಳ್ಳೋ ಸ್ಥಿತಿಯಲ್ಲಿ ನೀನಿಲ್ಲ. ಔಷಧಿ ಅಂಗಡಿಯಿಂದ ಕೊರ್ದೊಬಾಕ್ಕೆ ಫೋನ್ ಮಾಡಿಸ್ತೀನಿ, ನಿನ್ನತ್ತೆ ಒತಿಲಿಯಾ ಮುಂದಿನ ರೈಲಿಗೇ ವಾಪಸ್ ಬರ್ಲಿ’ ಅಂತ ಶಾಲು ಹೊದ್ದು ಹೊರಟೇಬಿಟ್ಟರು. ಎಫ್ರಾಯಿನ್ ಏನಾದರೂ ಅನ್ನುತ್ತಾನೆ ಅಂತ ನೋಡಿದೆ. ಅವನು ನೆಲ ನೋಡುತ್ತಾ ನಿಂತಿದ್ದ. ಫೋನು ಹೋದರೆ ನೀವು ಬಂದೇ ಬರುತ್ತೀರಿ ಅಂತ ಗೊತ್ತು. ನೀವು ಬಂದರೆ ಅಂಪಾರೊ ಪಕ್ಕದಲ್ಲಿ ಯಾರು? ಅಲ್ಲೇನಾದರೂ ಹೆಚ್ಚುಕಮ್ಮಿಯಾದರೆ ನಾನು ಜನ್ಮವಿಡೀ ಅವಳ ಮುಖ ಹೇಗೆ ನೋಡಲಿ? ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತೆ. ‘ಚಿಕ್ಕಮ್ಮ, ಭಾನುವಾರದ ಹಬ್ಬಕ್ಕೆ ತಮಾಲೆ ನಾನೇ ಮಾಡ್ತೀನಿ. ಅತ್ತೆ ಪಾತ್ರೆಯಲ್ಲಿ, ಅತ್ತೆ ಮಾಡೋ ಹಾಗೆ, ಮಗೂನ ಪಕ್ಕದಲ್ಲಿ ಇಟ್ಟುಕೊಂಡೇ. ಅದು ಸರಿ ಬಂದರೆ ನಾನು ಮನೆ ನಡೆಸಬಲ್ಲೆ ಅಂತ ಒಪ್ಕೊಳ್ತೀರಾ?’ ಅಂದೆ. ಬಾಯಿಗೆ ಬಂದದ್ದು ಅದೇ! ಚಿಕ್ಕಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ಬೆಂದರೆ ಒತಿಲಿಯಾ ಅಲ್ಲೇ ಇರ್ಲಿ. ಬೇಯದಿದ್ರೆ ಭಾನುವಾರ ಸಂಜೆಯೇ ಫೋನು’ ಅಂದರು. ಹೊಸ್ತಿಲು ದಾಟುವಾಗ ‘ಪುಎಬ್ಲಾದ ಕಾಲೇಜಲ್ಲಿ ಹಿಟ್ಟು ಬಡಿಯೋದನ್ನ ಹೇಳಿಕೊಟ್ಟಿದಾರೋ ಇಲ್ಲವೋ ನೋಡೇಬಿಡೋಣ’ ಅಂತ ಒಂದು ಚುಚ್ಚು ಬೇರೆ.

ಶುಕ್ರವಾರ ತೊಲೆಯ ಮೊಳೆಯಿಂದ ನಿಮ್ಮ ಹಬೆಪಾತ್ರೆ ಇಳಿಸಿದೆ. ಅದನ್ನು ಅಷ್ಟು ಹತ್ತಿರದಿಂದ ನಾನು ನೋಡಿಯೇ ಇರಲಿಲ್ಲ. ಒಂದು ಹಿಡಿಯನ್ನು ಮಾವ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿ ಕೊಟ್ಟಿದ್ದಂತೆ, ಎಫ್ರಾಯಿನ್ ತೋರಿಸಿದ. ರೈಲಿನ ಎಂಜಿನ್ನಿಗೆ ಹಾಕುವಂಥ ಬೆಸುಗೆ! ಪಾತ್ರೆ ಸವೆದುಹೋದರೂ ಆ ಹಿಡಿ ಉಳಿಯುತ್ತದೆ. ಒಳಗೆ ಮೂರು ಕಾಲಿನ ತೂತಿನ ತಟ್ಟೆ, ಅದರ ಕೆಳಗೆ ಬಟ್ಟೆಚೂರಿನಲ್ಲಿ ಸುತ್ತಿಟ್ಟ ಹಳೇ ತಾಮ್ರದ ಇಪ್ಪತ್ತು ಸೆಂತಾವೊ ಕಾಸು. ಈಗ ಅದಕ್ಕೆ ಒಂದು ಬೆಂಕಿಕಡ್ಡಿಯೂ ಬರುವುದಿಲ್ಲ. ಆದರೂ ನೀವು ಅದನ್ನು ಸುತ್ತಿ ಇಟ್ಟ ರೀತಿ ನೋಡಿ ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹಿಟ್ಟು ಬಡಿಯುವ ನಿಮ್ಮ ಮರದ ಮರಿಗೆಯನ್ನು ಬಿಸಿನೀರಿನಲ್ಲಿ ತೊಳೆದೆ. ಎಷ್ಟು ತೊಳೆದರೂ ಅದರ ಮೈಯಿಂದ ಕೊಬ್ಬಿನ, ಜೋಳದ, ನಿಮ್ಮ ಕೈಯ ವಾಸನೆ ಹೋಗುವುದಿಲ್ಲ, ಹೋಗುವುದೂ ಬೇಡ. ಶನಿವಾರ ಬೆಳಿಗ್ಗೆ ಸುಣ್ಣದ ನೀರಲ್ಲಿ ಬೇಯಿಸಿದ ಜೋಳವನ್ನು ಗಿರಣಿಗೆ ಒಯ್ದು, ನೀವು ಹೇಳುತ್ತಿದ್ದ ಹಾಗೆ ಮೊದಲ ಮಾತಿಗೇ ‘ತಮಾಲೆಗೆ ಸ್ವಾಮಿ, ತರಿತರಿಯಾಗಿರಲಿ’ ಅಂದೆ. ಅನ್ನದೆ ಇದ್ದಿದ್ದರೆ ಅವನು ರೊಟ್ಟಿಗೆ ಬೀಸಿದ ಹಾಗೆ ನುಣ್ಣಗೆ ಬೀಸಿಬಿಡುತ್ತಿದ್ದ. ‘ಒತಿಲಿಯಮ್ಮನ ಸೊಸೆಯಲ್ವಾ? ಹಾಗಾದ್ರೆ ಎರಡು ತಮಾಲೆ ನನಗೂ ಎತ್ತಿಡಬೇಕು’ ಅಂದ. ನಿಮ್ಮ ಹೆಸರು ಕೇಳಿದರೆ ಈ ಊರಿನವರಿಗೆ ಹಸಿವಾಗುತ್ತದೆ ಅತ್ತೆ.

ಮಧ್ಯಾಹ್ನ ಹಿಟ್ಟು ಬಡಿಯಲು ಕೂತೆ. ಚೋಲೆ ಚಿಕ್ಕಮ್ಮ ಎದುರಿಗೆ ಕುರ್ಚಿ ಹಾಕಿಕೊಂಡು ಜೋಳದ ತೆನೆಯ ಸಿಪ್ಪೆ ನೆನೆಹಾಕಿ ಒಂದೊಂದಾಗಿ ಒರೆಸುತ್ತಾ ಕೂತರು, ಪರೀಕ್ಷೆಯ ಮೇಲ್ವಿಚಾರಕರ ಹಾಗೆ. ಕೊಬ್ಬನ್ನು ಬೆಳ್ಳಗೆ ನೊರೆಯಾಗುವ ತನಕ ಬಡಿದೆ, ಹಿಟ್ಟು ಹಾಕಿದೆ, ಹಸಿರು ಟೊಮ್ಯಾಟೊ ಸಿಪ್ಪೆ ಕುದಿಸಿದ ನೀರು ಸ್ವಲ್ಪ ಸ್ವಲ್ಪವೇ ಬಿಟ್ಟೆ. ಶುರುಮಾಡಿದ ಕೈಯೇ ಮುಗಿಸಬೇಕು, ನಡುವೆ ನಿಲ್ಲಿಸಬಾರದು, ಕೈ ಬದಲಾಯಿಸಬಾರದು ಅನ್ನುವುದು ಗೊತ್ತಿತ್ತು. ಸರಿಯಾಗಿ ಆ ಹೊತ್ತಿಗೇ ಇನೆಸ್ ಎದ್ದು ಅಳಲು ಶುರುಮಾಡಿದಳು. ನನ್ನ ಕೈ ಮೊಣಕೈವರೆಗೂ ಕೊಬ್ಬು. ‘ಹ್ಞೂಂ, ಈಗೇನು ಮಾಡ್ತೀ?’ ಅನ್ನುವ ಹಾಗೆ ಚಿಕ್ಕಮ್ಮ ಹುಬ್ಬು ಹಾರಿಸಿದರು. ನಾನು ಬಡಿಯುತ್ತಲೇ ‘ಚಿಕ್ಕಮ್ಮ, ಅವಳನ್ನ ಶಾಲಿನಲ್ಲಿ ನನ್ನ ಬೆನ್ನಿಗೆ ಕಟ್ಟಿಬಿಡಿ’ ಅಂದೆ. ಕೈಯಲ್ಲಿದ್ದ ಸಿಪ್ಪೆ ಬದಿಗಿಟ್ಟು, ಎದ್ದು ಬಂದು ಕಟ್ಟಿದರು. ಎಷ್ಟು ಚೆನ್ನಾಗಿ ಕಟ್ಟಿದರು ಅಂತೀರಿ! ಮಗು ನನ್ನ ಬೆನ್ನಿನ ಭಾಗವೇ ಆಗಿಹೋಯಿತು. ನಾನು ಬಡಿದಂತೆಲ್ಲ ಅವಳು ತೂಗಿದಳು, ತೂಗಿ ತೂಗಿ ನಿದ್ದೆಹೋದಳು. ಅವಳ ಉಸಿರು ಬೆಚ್ಚಗೆ ನನ್ನ ಕತ್ತಿಗೆ ಬಡಿಯುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಕನ್ನಡಿ ಬೇಕಾಗಲಿಲ್ಲ. ತೋಳು ಬಿದ್ದುಹೋಗುವ ಹಾಗಿದ್ದರೂ ನಿಲ್ಲಿಸಲು ಮನಸ್ಸೇ ಬರಲಿಲ್ಲ. ಲೋಟದ ನೀರಿಗೆ ಹಿಟ್ಟಿನ ಚಿಕ್ಕ ಉಂಡೆ ಬಿಟ್ಟರೆ ಕಲ್ಲಿನ ಹಾಗೆ ತಳ ಸೇರಿತು. ಮತ್ತೆ ಬಡಿದೆ. ಮತ್ತೆ ಮುಳುಗಿತು. ‘ಈಜು ಬರಲ್ಲ ಅನ್ನಿಸುತ್ತೆ ನಿನ್ನ ಹಿಟ್ಟಿಗೆ’ ಅಂದರು ಚಿಕ್ಕಮ್ಮ. ಕೊನೆಗೆ ಒಂದು ಉಂಡೆ ತಳಕ್ಕೆ ಹೋದದ್ದು, ಏನೋ ನೆನಪಾದ ಹಾಗೆ ನಿಧಾನಕ್ಕೆ ಮೇಲೆ ಬಂದು ತೇಲಿತು. ಚಿಕ್ಕಮ್ಮ ಬಗ್ಗಿ ಆ ಲೋಟವನ್ನು ನನಗಿಂತ ಹೆಚ್ಚು ಹೊತ್ತು ನೋಡಿದರು.

ಭಾನುವಾರ ಬೆಳಿಗ್ಗೆ ಮೂರು ಜನವೂ ಕೂತು ಕಟ್ಟಿದೆವು. ಸಿಪ್ಪೆಯ ನುಣುಪು ಬದಿಗೆ ಹಿಟ್ಟು ಸವರುವುದು, ನಡುವೆ ಕೋಳಿ ಮತ್ತು ಹಸಿರು ಮೆಣಸಿನ ಗೊಜ್ಜು, ಕೆಲವಕ್ಕೆ ಗಿಣ್ಣು ಮತ್ತು ಸುಟ್ಟ ಮೆಣಸಿನಕಾಯಿ, ಮಕ್ಕಳಿಗೆ ಗುಲಾಬಿ ಬಣ್ಣದ್ದು, ಒಣದ್ರಾಕ್ಷಿ ಹಾಕಿ. ಎಫ್ರಾಯಿನ್ ಕಟ್ಟಿದವೆಲ್ಲ ಸೊಂಟ ಜಾರಿದ ಪ್ಯಾಂಟಿನ ಹಾಗಿದ್ದವು. (ನೀವು ಈಗ ಬಾಳೆಎಲೆ ತಮಾಲೆಯವರ ನಾಡಿನಲ್ಲಿದ್ದೀರಿ. ಅಂಪಾರೊ ಅಲ್ಲಿಯದೇ ರುಚಿ ಅನ್ನುತ್ತಾಳಂತೆ. ಮದುವೆಯಾಗಿ ಹೋದವಳು ಸಿಪ್ಪೆಯನ್ನು ಇಷ್ಟು ಬೇಗ ಮರೆಯಬಾರದು ಅಂತ ಅವಳಿಗೆ ಹೇಳಿ!) ಪಾತ್ರೆಯ ತಳಕ್ಕೆ ನೀರು, ನೀರಿಗೆ ಕಾಸು, ಮೇಲೆ ತೂತಿನ ತಟ್ಟೆ, ಸಿಪ್ಪೆಯ ಹಾಸು, ಅದರ ಮೇಲೆ ತಮಾಲೆಗಳನ್ನು ಹಬ್ಬದ ದಿನದ ರೈಲುಡಬ್ಬಿಯ ಜನರ ಹಾಗೆ ಒತ್ತೊತ್ತಾಗಿ ನಿಲ್ಲಿಸಿದೆ. ಮೇಲೆ ಮತ್ತೆ ಸಿಪ್ಪೆ, ದಪ್ಪ ಬಟ್ಟೆ, ಮುಚ್ಚಳ. ನೀರು ಕಾಯಿತು. ಕಾಸು ಮೊದಲು ಒಂದು ಸಲ ಟಣ್ ಅಂತು, ಆಮೇಲೆ ಟಣ ಟಣ, ಆಮೇಲೆ ಬಿಡುವಿಲ್ಲದೆ ಹಾಡತೊಡಗಿತು. ‘ಅದು ಹಾಡ್ತಿರೋ ತನಕ ಮುಚ್ಚಳ ಮುಟ್ಟಬೇಡ, ಮುಟ್ಟಿದರೆ ತಮಾಲೆ ಮುನಿಸಿಕೊಳ್ಳುತ್ತೆ. ಅದು ಸುಮ್ಮನಾದ್ರೆ ನೀರು ಮುಗೀತು ಅಂತ ಅರ್ಥ’ ಅಂದರು ಚಿಕ್ಕಮ್ಮ. ನೀವು ಹೋಗುವ ಮುಂಚೆ ಹೆಣೆದಿಟ್ಟ ಬಿಳಿ ಅಂಗಿ ತೊಡಿಸಿದ ಬಾಲ ಏಸುವಿನ ಮೂರ್ತಿಯನ್ನು ತಟ್ಟೆಯಲ್ಲಿಟ್ಟುಕೊಂಡು ಅವರೂ ಎಫ್ರಾಯಿನ್ನೂ ಚರ್ಚಿಗೆ ಹೊರಟರು. ಆ ಅಂಗಿ ಎಷ್ಟು ಮುದ್ದಾಗಿ ಕೂತಿತ್ತು! ಪಾದ್ರಿಗಳೂ ಕೇಳಿದರಂತೆ, ಯಾರು ಹೆಣೆದದ್ದು ಅಂತ.

ಮನೆಯಲ್ಲಿ ನಾನು, ಮಗು, ಪಾತ್ರೆ. ಸಕತ್ಲಾನ್ ಊರಿನ ಸೇಬಿನ ಪೆಟ್ಟಿಗೆಗೆ ಕಂಬಳಿ ಹಾಸಿ ಇನೆಸ್‌ಳನ್ನು ಒಲೆಯ ಶಾಖ ತಾಗುವಷ್ಟು ದೂರದಲ್ಲಿ ಮಲಗಿಸಿದೆ, ಪಕ್ಕದಲ್ಲಿ ನಿಮ್ಮ ಗಿಡ್ಡ ಕುರ್ಚಿ ಎಳೆದುಕೊಂಡು ಕೂತೆ. ಹೊರಗೆ ಮಾಲಿಂಚೆ ಬೆಟ್ಟದ ಕಡೆಯಿಂದ ಚಳಿಗಾಳಿ, ಒಳಗೆ ಜೋಳದ ಹಬೆ. ಟಣ ಟಣ ಟಣ. ಯಾರೋ ಪಕ್ಕದಲ್ಲಿ ಕೂತು ‘ಇದ್ದೀನಿ, ಇದ್ದೀನಿ, ಇದ್ದೀನಿ’ ಅಂದ ಹಾಗೆ. ಅತ್ತೆ, ನಾನು ನಿದ್ದೆಹೋದೆ. ಒಂದೇ ಒಂದು ಕನಸೂ ಇಲ್ಲದ ನಿದ್ದೆ. ಬಾಣಂತನದ ಆ ದಿನಗಳ ನಿದ್ದೆ.

ಎಚ್ಚರ ಮಾಡಿದ್ದು ಯಾವ ಸದ್ದೂ ಅಲ್ಲ, ಸದ್ದು ನಿಂತದ್ದು. ಕಾಸು ಸುಮ್ಮನಾಗಿತ್ತು. ಪೆಟ್ಟಿಗೆಯಲ್ಲೂ ಸದ್ದಿಲ್ಲ. ಎದ್ದು ನಿಂತವಳಿಗೆ ಯಾವ ಕಡೆ ಹೋಗಬೇಕು ಅಂತಲೇ ತಿಳಿಯಲಿಲ್ಲ. ಆಚೆಗೆ ಪಾತ್ರೆ ಹತ್ತಿಕೊಳ್ಳುತ್ತಿದೆ, ಈಚೆಗೆ ಮಗು. ಪೆಟ್ಟಿಗೆಗೆ ಬಿದ್ದು ಅವಳ ಎದೆಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಏರಿತು, ಇಳಿಯಿತು. ನಿದ್ದೆ ಕೆಡಿಸಿದ್ದಕ್ಕೆ ಚೋಲೆ ಚಿಕ್ಕಮ್ಮನ ಹಾಗೇ ಮೂತಿ ತಿರುಗಿಸಿ, ಮುಷ್ಟಿ ಕೆನ್ನೆಗೆ ಒತ್ತಿಕೊಂಡು ಮತ್ತೆ ಮಲಗಿದಳು. ಅಲ್ಲಿಂದ ಒಲೆಗೆ ಹಾರಿದೆ. ಮುಟ್ಟಬೇಡ ಅಂದ ಮುಚ್ಚಳ ತೆಗೆದೆ, ಹಬೆ ಮುಖಕ್ಕೆ ಬಡಿಯಿತು, ಬಟ್ಟೆ ಕಿತ್ತೆ, ಒಂದು ಬದಿಯ ತಮಾಲೆಗಳನ್ನು ಬೆರಳು ಸುಡುತ್ತಿದ್ದರೂ ಎತ್ತಿ ಹೊರಗಿಟ್ಟು ತಟ್ಟೆಯನ್ನು ಚಿಮಟದಿಂದ ಓರೆಮಾಡಿ ಬಗ್ಗಿ ನೋಡಿದೆ. ನೀರು ಇತ್ತು! ಬೇಕಾದಷ್ಟಿತ್ತು, ಕೊತಕೊತ ಕುದಿಯುತ್ತಿತ್ತು. ಕಾಸು ಜಾರಿ ಹೋಗಿ ತಟ್ಟೆಯ ಒಂದು ಕಾಲಿನ ಕೆಳಗೆ ಸಿಕ್ಕಿಕೊಂಡಿತ್ತು, ಅಷ್ಟೇ. ಚಿಮಟದಿಂದ ಬಿಡಿಸಿದೆ. ಟಣ್ ಅಂತು. ನಾನು ನೆಲದ ಮೇಲೆ ಕೂತು ನಗಲಾರಂಭಿಸಿದೆ, ಅಳಲಾರಂಭಿಸಿದೆ, ಎರಡೂ ಒಟ್ಟಿಗೆ. ಸುಮ್ಮನಿದ್ದರೆ ಮುಗಿದೇಹೋಯಿತು ಅಂತ ಅಲ್ಲ. ನಾನು ಇಷ್ಟು ದಿನ ಕನ್ನಡಿ ಹಿಡಿದು ಕೂತದ್ದೆಲ್ಲ ನೆನಪಾಯಿತು.

ಸರಿಯಾಗಿ ಆಗಲೇ ಬಾಗಿಲು ತೆರೆಯಬೇಕೇ! ಮುಚ್ಚಳ ನೆಲದ ಮೇಲೆ, ತಮಾಲೆಗಳು ಮೇಜಿನ ಮೇಲೆ, ಸೊಸೆ ಒಲೆಯ ಮುಂದೆ. ‘ಅಯ್ಯಯ್ಯೋ, ಮುಚ್ಚಳ ತೆಗೆದುಬಿಟ್ಯಾ! ಮುಗೀತು. ಇನ್ನು ಸಂಜೆವರೆಗೆ ಬೇಯಿಸಿದರೂ ಹಿಟ್ಟು ಹಿಟ್ಟೇ!’ ಅಂತ ಚಿಕ್ಕಮ್ಮ ಕೂಗಿಕೊಂಡರು. ಬಾಲ ಏಸುವನ್ನು ಎಫ್ರಾಯಿನ್ ಕೈಗೆ ತುರುಕಿದರು. ಎಲ್ಲ ಮತ್ತೆ ಒಳಗಿಟ್ಟು ಮುಚ್ಚಿ, ತಮಾಲೆಯ ಮುನಿಸು ಇಳಿಯಲಿ ಅಂತ ಉಳಿದ ಸಿಪ್ಪೆ ಸೀಳಿ ಗಂಟುಹಾಕಿ ಪಾತ್ರೆಯ ಎರಡು ಹಿಡಿಗೂ ಕಿವಿಯ ಹಾಗೆ ಕಟ್ಟಿದರು. ‘ಈ ಮನೆಯಲ್ಲಿ ಯಾರ ಹೊಟ್ಟೆಯಲ್ಲೋ ಸಿಟ್ಟಿದೆ. ಯಾರದ್ದು ಹೇಳಿಬಿಡಿ. ಹೇಳಿ ಪಾತ್ರೆಯ ಸುತ್ತ ಕುಣಿದರೆ ಮಾತ್ರ ಇದು ಬೇಯೋದು’ ಅಂದರು. ‘ನನಗೆ ಸಿಟ್ಟಿಲ್ಲ ಚಿಕ್ಕಮ್ಮ, ಬರೀ ಭಯ’ ಅಂದೆ ನಾನು. ‘ನನಗೆ ಬರೀ ಹಸಿವು’ ಅಂದ ನಿಮ್ಮ ಮಗ. ಇಬ್ಬರೂ ಅವರ ಮುಖ ನೋಡಿದೆವು. ‘ನನ್ನನ್ಯಾಕೆ ಹಾಗೆ ನೋಡ್ತೀರಿ?’ ಅಂದರು. ಕಾಸಿನ ಹಾಡೂ ನಿಂತಿತ್ತು, ಮುಚ್ಚಳ ತೆಗೆದಿದ್ದಕ್ಕೆ ನೀರಿನ ಕುದಿ ಇಳಿದಿತ್ತಲ್ಲ. ಚಿಕ್ಕಮ್ಮ ಶಾಲು ಬಿಗಿದುಕೊಂಡರು, ಬಿಚ್ಚಿದರು, ಮತ್ತೆ ಬಿಗಿದುಕೊಂಡರು. ಆಮೇಲೆ ಹೊರಗೆ ಬಂತು: ‘ಹೌದು ಕಣ್ರೋ, ಸಿಟ್ಟು ನನ್ನದೇ! ರೈಲು ಹತ್ತುವಾಗ ಒತಿಲಿಯಾ ನನಗೆ ಏನಂದ್ಲು ಗೊತ್ತಾ? ಮನೆ ಕಡೆ ಒಂದು ಕಣ್ಣಿಟ್ಟಿರು ಅಂದ್ಲು. ಕಣ್ಣಿಡೋಕೆ ನಾನೇನು ಕಾವಲು ನಾಯಿಯಾ? ಹೋಗಿ ಮಗೂ ಜೊತೆ ಇರು ಅನ್ನಬಾರದಿತ್ತಾ? ಅವಳು ಹೋಗ್ಲಿ, ನೀನಾದ್ರೂ ಒಂದು ದಿನ ಬಾ ಚಿಕ್ಕಮ್ಮ ಅಂತ ಕರೆದ್ಯಾ? ಆ ಮನೆಯಲ್ಲಿ ನಾನು ಗೋಡೆ ಜೊತೆ ಮಾತಾಡ್ತೀನಿ. ಒತಿಲಿಯಾನ ವಾಪಸ್ ಕರೆಸಬೇಕು ಅಂದದ್ದು ನಿನಗೋಸ್ಕರ ಅಲ್ಲ ಕಣೇ, ನನಗೋಸ್ಕರ.’

ಅವರು ತನಿಖೆಗೆ ಬರುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅವರು ಕರೆಯಲಿ ಅಂತ ಬರುತ್ತಿದ್ದರು. ಇನೆಸ್‌ಳನ್ನು ಎತ್ತಿ ಅವರ ತೋಳಿಗೆ ಕೊಟ್ಟೆ. ‘ಚಿಕ್ಕಮ್ಮ, ಇವತ್ತಿನಿಂದ ಇಲ್ಲೇ ಇರ್ತೀರಾ?’ ಅಂದೆ. ಮಗುವಿನ ಟೋಪಿ ಸರಿಮಾಡುತ್ತಾ, ನನ್ನ ಕಡೆ ನೋಡದೆಯೇ, ‘ಇರಬೇಕಾದ್ರೆ ನನ್ನ ದಿಂಬು ತರಬೇಕು. ನಿಮ್ಮನೆ ದಿಂಬು ಕಲ್ಲು’ ಅಂದರು. ಆಮೇಲೆ ಕುಣಿದರು ಅತ್ತೆ! ನಿಮ್ಮ ತಂಗಿ, ಭಾನುವಾರದ ಕಪ್ಪು ಲಂಗದಲ್ಲಿ, ಮೊಮ್ಮಗಳನ್ನು ಎದೆಗವಚಿಕೊಂಡು, ‘ಬೇಯಿರೋ ನನ್ನ ರಾಜರಾ, ಬೇಯಿರೋ ನನ್ನ ಚಿನ್ನದ ಮರಿಗಳಾ, ಮುದುಕಿಯ ಸಿಟ್ಟು ಇಳೀತು’ ಅಂತ ಒಲೆಯ ಸುತ್ತ ಕುಣಿದರು. ಹಿಂದೆ ನಾನು, ನನ್ನ ಹಿಂದೆ ಬಾಲ ಏಸುವನ್ನು ಹಿಡಿದುಕೊಂಡು ನಿಮ್ಮ ಮಗ. ಎರಡನೇ ಸುತ್ತಿಗೋ ಮೂರನೆಯದಕ್ಕೋ ಕಾಸು ಮತ್ತೆ ಹಾಡಿತು.

ವರ್ಕ್‌ಶಾಪಿನ ಗೆಳೆಯರು ಹೆಂಡತಿ ಮಕ್ಕಳೊಂದಿಗೆ ಬರುವ ಹೊತ್ತಿಗೆ ಮೊದಲ ತಮಾಲೆ ಬಿಡಿಸಿದೆ. ಸಿಪ್ಪೆ ಹಿಟ್ಟಿಗೆ ಅಂಟದೆ, ಅಂಗಿ ಕಳಚಿದ ಹಾಗೆ ಕಳಚಿಕೊಂಡು ಬಂತು. ಎಲ್ಲರೂ ಬಿಸಿಬಿಸಿ ಅತೋಲೆ ಗಂಜಿ ಕುಡಿದುಕೊಂಡು ತಿಂದರು. ‘ಒತಿಲಿಯಮ್ಮ ಯಾವಾಗ ಬಂದ್ರು?’ ಅಂತ ಯಾರೋ ಕೇಳಿದರು. ಇದಕ್ಕಿಂತ ದೊಡ್ಡ ಬಹುಮಾನ ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ. ಎಲ್ಲವೂ ಸರಿಯಾಗಿತ್ತು ಅಂತ ಸುಳ್ಳು ಹೇಳುವುದಿಲ್ಲ. ನಾನು ಎತ್ತಿ ಹೊರಗಿಟ್ಟಿದ್ದವು ನಡುವೆ ಹಸಿಹಸಿಯಾಗೇ ಇದ್ದವು. ಆದರೆ ಅವು ಯಾರ ತಟ್ಟೆಗೂ ಹೋಗಲಿಲ್ಲ. ಆಮೇಲೆ ಪಾತ್ರೆ ತೊಳೆಯುವಾಗ ನೋಡಿದೆ: ಚಿಕ್ಕಮ್ಮ ಹುಡುಕಿ ಹುಡುಕಿ ಅವನ್ನೆಲ್ಲ ತನ್ನ ತಟ್ಟೆಗೆ ಹಾಕಿಕೊಂಡು, ಅರ್ಧ ತಿಂದು, ಉಳಿದದ್ದನ್ನು ಸಿಪ್ಪೆಯ ಕೆಳಗೆ ಮುಚ್ಚಿಟ್ಟಿದ್ದರು. ನಾನು ನೋಡಿದ್ದನ್ನು ಅವರಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ದಿಂಬು ಬಂತು, ಜೊತೆಗೆ ಎರಡು ಗಂಟು, ಒಂದು ಹೂಕುಂಡ, ಒಂದು ಗೋಡೆ ಗಡಿಯಾರವೂ ಬಂದವು. ತೊಟ್ಟಿಲಿನ ಆಚೆ ಬದಿಗೆ, ನಿಮ್ಮ ಜಾಗದಲ್ಲೇ ಹಾಸಿಕೊಂಡರು. ನಾನು ಕೇಳದೆಯೇ ‘ನೀನು ಮಲಗೇ ಹುಡುಗಿ, ನಾನು ಕೇಳಿಸ್ಕೊಳ್ತಿರ್ತೀನಿ’ ಅಂದರು. ಅದೇ ಮಾತು ಅತ್ತೆ! ‘ಮಗಳೇ’ ಬದಲು ‘ಹುಡುಗಿ’, ಅಷ್ಟೇ. ನಿಮ್ಮಿಬ್ಬರಿಗೂ ಅದನ್ನು ಹೇಳಿ ಮಲಗಿಸಿದವರು ಯಾರು, ನಿಮ್ಮ ಅಮ್ಮನಾ? ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕೇಳಿಸಿಕೊಳ್ಳುತ್ತೇನೆ ಅಂದವರು ಗೊರಕೆ ಶುರುಮಾಡಿದರು. ಎಂಥ ಗೊರಕೆ! ಎಂಜಿನ್ ಶೆಡ್ಡೇ ಮನೆಗೆ ಬಂದ ಹಾಗೆ. ಮಗುವಿನ ಉಸಿರಿರಲಿ, ಅದರ ಅಳುವೂ ಕೇಳಿಸುವ ಹಾಗಿರಲಿಲ್ಲ. ಎದ್ದು ಕೂತು ಕನ್ನಡಿ ಹುಡುಕಬೇಕು ಅಂದುಕೊಂಡೆ. ಗೊರಕೆ ಏರಿತು, ಇಳಿಯಿತು, ಏರಿತು, ಇಳಿಯಿತು. ಅದನ್ನೇ ಕೇಳುತ್ತಾ ಯಾವಾಗ ಕಣ್ಣು ಮುಚ್ಚಿದೆನೋ ಗೊತ್ತಿಲ್ಲ. ಬೆಳಿಗ್ಗೆ ಮಗು ಹಸಿವಿಗೆ ಜಡೆ ಎಳೆದಾಗಲೇ ಎಚ್ಚರ.

ಈಗ ಅವರು ಬಿಸಿಲಿಗೆ ಕೂತು ಇನೆಸ್‌ಳಿಗೆ ಎಣ್ಣೆ ಹಚ್ಚುತ್ತಾ, ನೀವು ಚಿಕ್ಕವರಿದ್ದಾಗ ಮಾಡಿದ ತುಂಟತನವನ್ನೆಲ್ಲ ಅವಳಿಗೆ ಹೇಳುತ್ತಿದ್ದಾರೆ. ಅದರಲ್ಲಿ ಎಷ್ಟು ನಿಜವೋ ನೀವೇ ಬಂದು ಹೇಳಬೇಕು. ಅವಸರವಿಲ್ಲ. ನಿಮ್ಮ ಪಾತ್ರೆಗೆ, ಮರಿಗೆಗೆ, ಗಿಡ್ಡ ಕುರ್ಚಿಗೆ, ನನ್ನ ತಲೆ ಸವರಿದ ನಿಮ್ಮ ಕೈಗೆ ನಾನು ಎಷ್ಟು ಋಣಿ ಅಂತ ಎದುರಿಗೆ ಹೇಳಲು ನಾಚಿಕೆಯಾಗುತ್ತದೆ, ಅದಕ್ಕೇ ಕಾಗದದಲ್ಲಿ ಬರೆದೆ. ಅಂಪಾರೊಗೆ ನನ್ನ ಮುತ್ತುಗಳು, ಅವಳ ಗಂಡನಿಗೆ ನಮಸ್ಕಾರ. ಅಲ್ಲಿಂದಲೇ ಇನೆಸ್‌ಳ ನೆತ್ತಿಯ ಮೇಲೆ ಕೈಯಿಟ್ಟು ಹರಸಿ, ನನಗೂ ಒಂದಿಷ್ಟು ಉಳಿಸಿ.

ನಿಮ್ಮ ಮಗಳಾಗಿಯೇ ಉಳಿದಿರುವ ಸೊಸೆ,
ಗ್ರಿಸೆಲ್ದಾ

ಮ.ವಿ.: ಅತ್ತೆ, ಲಕೋಟೆ ಅಂಟಿಸುವಷ್ಟರಲ್ಲಿ ಎಫ್ರಾಯಿನ್ ಬಂದು ತಲೆ ತಗ್ಗಿಸಿ ನಿಂತ. ಹೋದ ವಾರ ನನ್ನ ಮುಖ ನೋಡಲಾಗದೆ, ನೀವು ಹಿಂತಿರುಗಲಿ ಅಂತ ರೈಲಿನ ಪಾಸು ಪಡೆದು ಗುಟ್ಟಾಗಿ ನಿಮಗೆ ಅಂಚೆಯಲ್ಲಿ ಕಳಿಸಿಬಿಟ್ಟಿದ್ದಾನಂತೆ. ಅದು ಈ ಕಾಗದಕ್ಕಿಂತ ಮುಂಚೆ ಬಂದರೆ ಗಾಬರಿಯಾಗಬೇಡಿ, ದಯವಿಟ್ಟು ರೈಲು ಹತ್ತಬೇಡಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಂಪಾರೊ ಕೂಸು ಹುಟ್ಟಿ, ಅದು ನಿಮ್ಮ ಬೆರಳು ಹಿಡಿದು, ಆಮೇಲೆ ಬಿಟ್ಟ ಮೇಲೆ ಬನ್ನಿ. ಲಕೋಟೆಯ ಮೂಲೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಕಾಸು, ಬಟ್ಟೆಚೂರಿನಲ್ಲಿ ಸುತ್ತಿದ್ದೇನೆ. ಅಂಪಾರೊ ಒಲೆಯ ಮೇಲಿನ ನೀರಿಗೆ ಹಾಕಿ, ಬಾಳೆಎಲೆಯ ತಮಾಲೆಯಾದರೂ ಆಗಲಿ, ಅವಳಿಗೆ ಕೇಳಿಸುವ ಹಾಗೆ. ಅವಳೂ ಹೆದರಿ ಎದ್ದು ಕೂತಿರುತ್ತಾಳೆ, ನನಗೆ ಗೊತ್ತು. ನಮಗೆ ಸದ್ಯಕ್ಕೆ ಅದು ಬೇಡ. ಚಿಕ್ಕಮ್ಮನ ಗೊರಕೆ ಇದೆ.